ಕೊನೆಯ ಸಾಲಿನಿಂದ ಮೇಲಕ್ಕೆ

ಜೂನ್ ೩, ಸೋಮವಾರ

ಡಯಾಲಿಸಿಸ್ ಕೋಣೆಯ ಸಿಸ್ಟರಿಗೆ ಹೊಸ ಹುಚ್ಚು ಹಿಡಿದಿದೆ. ಇಂದು ಎಲ್ಲರ ಕೈಗೂ ಬಿಳಿ ಹಾಳೆ ಕೊಟ್ಟು, "ಕಥೆನೋ ಕವನಾನೋ ಏನಾದ್ರೂ ಬರೀರಿ. ಬಾಗಿಲ ಪಕ್ಕದ ಹಲಗೆಗೆ ಅಂಟಿಸ್ತೀನಿ. ಸುಮ್ನೆ ಸೂರು ನೋಡ್ಕೊಂಡು ಕೂತಿರ್ತೀರಲ್ಲ" ಎಂದರು. ಒಂದು ಕೈಗೆ ಸೂಜಿ ಚುಚ್ಚಿದ್ದರೂ ಇನ್ನೊಂದು ಕೈ ಖಾಲಿ ಇರುತ್ತದಂತೆ. ಅದು ನಿಜವೇ.

ನಾನು ಹಾಳೆಯನ್ನು ಹಿಂದಕ್ಕೆ ಕೊಟ್ಟೆ. ನಾನು ಬರೆಯುವವಳಲ್ಲ, ತಿದ್ದುವವಳು. ಜೀವಮಾನವಿಡೀ ಮುದ್ರಣಾಲಯದ ಮೂಲೆಯ ಮೇಜಿನಲ್ಲಿ ಕೂತು ಪ್ರೂಫ್ ನೋಡಿದವಳು. ಕಿಡ್ನಿ ಕೈಕೊಟ್ಟ ಮೇಲೆ ಕೆಲಸ ಬಿಟ್ಟೆ. ಈಗ ವಾರಕ್ಕೆ ಮೂರು ಸಲ ಈ ಕುರ್ಚಿ, ಈ ಯಂತ್ರ. ಬಿಡುವಂತಿಲ್ಲ. ಹೋದ ತಿಂಗಳು ಕಿಟಕಿ ಪಕ್ಕದ ಕುರ್ಚಿಯವರು ಸಾಕಪ್ಪಾ ಸಾಕು ಎಂದು ಬರುವುದನ್ನು ನಿಲ್ಲಿಸಿದರು. ಎರಡು ವಾರವೂ ಉಳಿಯಲಿಲ್ಲ.

ಮನೆಗೆ ಬಂದ ಮೇಲೆ ಯಾಕೋ ಕೈ ಕಡಿಯಿತು. ತಂಗಿಯ ಕಪಾಟಿನಲ್ಲಿ ಖಾಲಿ ಡೈರಿ ಇತ್ತು, ತೆಗೆದುಕೊಂಡೆ. ಇದನ್ನು ಯಾರೂ ಓದಬೇಕಿಲ್ಲ.

ಜೂನ್ ೭, ಶುಕ್ರವಾರ

ಹಲಗೆ ತುಂಬಿದೆ. ಎದುರು ಕುರ್ಚಿಯ ಬೇಕರಿಯವರು ತಮ್ಮ ಒಲೆಯ ಮೇಲೆ ಕವನ ಬರೆದಿದ್ದಾರೆ. ನನ್ನ ಪಕ್ಕದ ಕುರ್ಚಿಯ ಬಸ್ ಕಂಡಕ್ಟರ್ ಒಂದು ಕಥೆಯನ್ನೇ ಬರೆದಿದ್ದಾರೆ. ಎರಡರಲ್ಲೂ ಸಾಲಿಗೊಂದು ತಪ್ಪು. ಒತ್ತಕ್ಷರಗಳು ಇರಬೇಕಾದ ಕಡೆ ಇಲ್ಲ, ಬೇಡದ ಕಡೆ ಜೋತುಬಿದ್ದಿವೆ. ಯಂತ್ರ ಬಿಚ್ಚಿದ ಮೇಲೆ ತಲೆ ತಿರುಗುತ್ತಿದ್ದರೂ ಗೋಡೆ ಹಿಡಿದು ನಿಂತು, ಪೆನ್ಸಿಲ್ ತೆಗೆದು, ಎಲ್ಲವನ್ನೂ ತಿದ್ದಿದೆ. ಬಹಳ ದಿನಗಳ ನಂತರ ಕೈಗೆ ಕೆಲಸ ಸಿಕ್ಕಿತ್ತು. ಹಿತವಾಗಿತ್ತು.

ಸಿಸ್ಟರ್ ಬಂದು ನೋಡಿ, "ಅಯ್ಯೋ ಅಮ್ಮಾ, ಇದೇನಿದು?" ಎಂದರು. ಅವರ ಮುಖ ಚಿಕ್ಕದಾಯಿತು. ಕಂಡಕ್ಟರ್ ಮಾತ್ರ ತಮ್ಮ ಹಾಳೆಯನ್ನು ಹತ್ತಿರದಿಂದ ನೋಡಿ ನಕ್ಕರು. "ಇಷ್ಟೊಂದಾ ಅಕ್ಕಾ? ನನ್ನ ಸರ್ವಿಸಲ್ಲೇ ಇಷ್ಟು ಜನ ಟಿಕೆಟ್ ಇಲ್ದೆ ಹತ್ತಿರಲಿಲ್ಲ."

ಮನುಷ್ಯ ಎಂದರೆ ಹೀಗಿರಬೇಕು.

ಜೂನ್ ೮, ಶನಿವಾರ

ತಂಗಿಗೆ ಹೇಳಿದರೆ ಅವಳು ನನ್ನನ್ನೇ ತರಾಟೆಗೆ ತೆಗೆದುಕೊಂಡಳು.

"ಅವರು ತಿದ್ದು ಅಂತ ಕೇಳಿದ್ರಾ?"

"ಅಂಗಿ ಗುಂಡಿ ತಪ್ಪಾಗಿ ಹಾಕ್ಕೊಂಡು ಬೀದಿಗೆ ಹೊರಟವರಿಗೆ ಹೇಳಬೇಕೋ ಬೇಡ್ವೋ?"

"ಕಿವಿಯಲ್ಲಿ ಹೇಳ್ಬೇಕು. ನೀನು ಹಲಗೆ ಮೇಲೆ ಬರ್ದು ಬಂದಿದೀಯ. ಪಾಪ, ಕಾಯಿಲೆಯವರು ಹೊತ್ತು ಕಳೆಯೋಕೆ ಬರೀತಾರೆ. ಅಲ್ಲೂ ಹೋಗಿ ಮೂಗು ತೂರಿಸ್ಬೇಕಾ?"

"ನಾನೂ ಕಾಯಿಲೆಯವಳೇ" ಎಂದೆ.

 ಅವಳು ಉಪ್ಪಿಲ್ಲದ ಊಟ ಬಡಿಸಿದಳು, ಲೋಟದಲ್ಲಿ ಅಳೆದು ನೀರು ಕೊಟ್ಟಳು. ಕಾಯಿಲೆಯವರು ಬರೆದರೆ ತಪ್ಪು ತಪ್ಪಲ್ಲವೆ? ತಪ್ಪನ್ನು ನೋಡಿಯೂ ನೋಡದಂತೆ ಇರುವುದು ಮಕ್ಕಳ ಮುಂದೆ ಮಾಡುವ ನಾಟಕ. ನನ್ನ ಮುಂದೆ ಯಾರಾದರೂ ಹಾಗೆ ಮಾಡಿದರೆ ನನಗೆ ಮೈ ಉರಿಯುತ್ತದೆ. ಅವಳಿಗೆ ಇದೆಲ್ಲ ಅರ್ಥವಾಗುವುದಿಲ್ಲ.

ಜೂನ್ ೧೨, ಬುಧವಾರ

ಕಂಡಕ್ಟರ್ ಹೊಸ ಕಥೆಯನ್ನು ಹಲಗೆಗೆ ಹಾಕುವ ಮೊದಲೇ ನನ್ನ ಕೈಗೆ ಕೊಟ್ಟರು. "ನೀವು ಪಾಸ್ ಮಾಡಿದ್ರೇ ಹಲಗೆ ಹತ್ಲಿ ಅಕ್ಕಾ."

ನಾನು ಹಾಳೆಯ ಬುಡದಿಂದ ಮೇಲಕ್ಕೆ ಓದುವುದನ್ನು ನೋಡಿ ಅವರಿಗೆ ಆಶ್ಚರ್ಯ. ನಮ್ಮ ಮುದ್ರಣಾಲಯದ ಯಜಮಾನರು ಕಲಿಸಿದ್ದು ಅದು. ಮೊದಲಿಂದ ಓದಿದರೆ ಕಥೆ ಕೈಹಿಡಿದು ಎಳೆದುಕೊಂಡು ಹೋಗುತ್ತದೆ, ತಪ್ಪುಗಳು ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಕೊನೆಯ ಸಾಲಿನಿಂದ ಶುರು ಮಾಡಬೇಕು, ಒಂದೊಂದೇ ಸಾಲು ಮೇಲೇರಬೇಕು. ಆಗ ಅರ್ಥ ಅಡ್ಡ ಬರುವುದಿಲ್ಲ, ಬರೀ ಅಕ್ಷರ ಕಾಣುತ್ತದೆ. ಎಷ್ಟು ಕಾದಂಬರಿಗಳನ್ನು ಹೀಗೆ ನೋಡಿದ್ದೇನೋ ದೇವರಿಗೇ ಗೊತ್ತು. ಒಂದರ ಕಥೆಯೂ ನನಗೆ ಗೊತ್ತಿಲ್ಲ.

"ಒಂದೂ ಗೊತ್ತಿಲ್ವಾ?" ಎಂದು ಅವರು ಬಾಯಿ ಬಿಟ್ಟು ನೋಡಿದರು.

"ನನ್ನ ಕೈ ದಾಟಿ ಹೋದ ಪುಸ್ತಕದಲ್ಲಿ ತಪ್ಪು ಹುಡುಕಿ ನೋಡಿ" ಎಂದೆ. ಸ್ವಲ್ಪ ಜಂಬ ಬಂತು, ಇಲ್ಲವೆನ್ನುವುದಿಲ್ಲ.

ಜೂನ್ ೧೯, ಬುಧವಾರ

ಹಲಗೆಯಲ್ಲಿ ಈಗ ತಪ್ಪುಗಳು ಬಹಳ ಕಡಿಮೆಯಾಗಿವೆ. ಬೇಕರಿಯವರ ಕವನ ಇದ್ದ ಜಾಗದಲ್ಲಿ ಅಂಟಿನ ಗುರುತು ಮಾತ್ರ ಇದೆ. ಈಚೆಗೆ ಅವರು ಬರೆಯುತ್ತಿಲ್ಲವಂತೆ. ಕಂಡಕ್ಟರ್ ಒಬ್ಬರದೇ ಎರಡು ಕಥೆಗಳಿವೆ, ಎರಡೂ ಅಚ್ಚುಕಟ್ಟಾಗಿವೆ. ಸಿಸ್ಟರ್ ನನ್ನೊಡನೆ ಮಾತು ಕಡಿಮೆ ಮಾಡಿದ್ದಾರೆ. ಕೆಲಸದ ಒತ್ತಡ ಇರಬೇಕು.

ಜೂನ್ ೨೧, ಶುಕ್ರವಾರ

ತ್ರಾಣವಿಲ್ಲ. ಕಾಲಿನ ಮಾಂಸಖಂಡ ಹಿಡಿದುಕೊಂಡು ಕಿರುಚಿಬಿಟ್ಟೆ. ಸೋಮವಾರ ಹೋಗದೆ ಇದ್ದರೆ ಏನಾಗುತ್ತದೆ ಎಂದು ತಂಗಿಯನ್ನು ಕೇಳಿದೆ. ಅವಳು ಪಾತ್ರೆ ತೊಳೆಯುತ್ತಲೇ ಇದ್ದಳು. ತೊಳೆದದ್ದನ್ನೇ ತೊಳೆದಳು.

ಜೂನ್ ೨೪, ಸೋಮವಾರ

ಹೋದೆ. ಅರ್ಧದಲ್ಲಿ ರಕ್ತದೊತ್ತಡ ಕುಸಿಯಿತು. ನನಗೆ ನೆನಪಿರುವುದು ಒಂದೇ. ಪಕ್ಕದಿಂದ ಕಂಡಕ್ಟರ್ "ಹೋಲ್ಡಾನ್! ಹೋಲ್ಡಾನ್!" ಎಂದು, ಬಸ್ಸು ನಿಲ್ಲಿಸುವವರ ಹಾಗೆ, ಕೋಣೆ ಅದುರುವಂತೆ ಕೂಗಿದ್ದು. ಸಿಸ್ಟರ್ ಓಡಿ ಬಂದು ಕುರ್ಚಿಯನ್ನು ಹಿಂದಕ್ಕೆ ಮಲಗಿಸಿದರು. ಯಂತ್ರದ ಗಂಟೆ ಹೊಡೆಯುವುದಕ್ಕೂ ಮೊದಲೇ ಕಂಡಕ್ಟರ್ ಕೂಗಿದ್ದರಂತೆ.

"ನಿಮಗೆ ಹೇಗೆ ಗೊತ್ತಾಯ್ತು?" ಎಂದು ಆಮೇಲೆ ಕೇಳಿದೆ.

"ನನ್ನ ಕಥೆಯ ಕಾಗುಣಿತಕ್ಕೆ ಬಯ್ತಾ ಇದ್ರಿ, ಇದ್ದಕ್ಕಿದ್ದ ಹಾಗೆ ದನಿ ತಗ್ಗಿತು. ನೀವು ಬಯ್ಯೋದನ್ನ ಅರ್ಧಕ್ಕೆ ನಿಲ್ಸೋ ಪೈಕಿ ಅಲ್ವಲ್ಲ."

ನಗಬೇಕೆಂದುಕೊಂಡೆ, ಆಗಲಿಲ್ಲ. ಅವರ ಕೈ ಹಿಡಿದು ಒತ್ತಿದೆ.

ಜೂನ್ ೨೮, ಶುಕ್ರವಾರ

ಕಂಡಕ್ಟರರಿಗೆ ಅವರ ಅಣ್ಣ ಕಿಡ್ನಿ ಕೊಡಲು ಮುಂದೆ ಬಂದಿದ್ದರು. ಪರೀಕ್ಷೆಯ ವರದಿ ಇಂದು ಬಂತು, ಹೊಂದುವುದಿಲ್ಲವಂತೆ. ಬೇರೆ ಯಾರೂ ಇಲ್ಲ. ಹೆಂಡತಿಗೆ ಸಕ್ಕರೆ ಕಾಯಿಲೆ.

"ಚಿಕ್ಕಂದಿನಿಂದ ನಮ್ಮಣ್ಣನಿಗೂ ನನಗೂ ಯಾವುದೂ ಹೊಂದಿದ್ದೇ ಇಲ್ಲ ಬಿಡಿ ಅಕ್ಕಾ" ಎಂದು ನಗಿಸಲು ನೋಡಿದರು. ಆಮೇಲೆ ನಾಲ್ಕು ಗಂಟೆ ಕಣ್ಣು ಮುಚ್ಚಿಯೇ ಇದ್ದರು. ನಿದ್ದೆ ಬಂದಿರಬೇಕು.

ಜುಲೈ ೫, ಶುಕ್ರವಾರ

ಕಂಡಕ್ಟರ್ ಹೊಸ ಕಥೆ ಕೊಟ್ಟಿದ್ದಾರೆ. ಹಿಂದಿನವುಗಳಿಗಿಂತ ಉದ್ದ. "ಸ್ಟಾಪ್ ಇಲ್ಲದ ಕಡೆ" ಎಂದು ಹೆಸರು. "ಇದನ್ನ ಹಲಗೆಗೆ ಹಾಕ್ಬೇಡಿ ಅಕ್ಕಾ. ಮನೆಗೆ ತಗೊಂಡೋಗಿ ನಿಧಾನಕ್ಕೆ ಓದಿ. ನೀವೊಬ್ರೇ ಓದಿ" ಎಂದರು. ಇಷ್ಟು ಶ್ರದ್ಧೆ ಇರುವವರು ಸಿಗುವುದು ಅಪರೂಪ. ಒಳ್ಳೆಯ ಬೆಳಕಿನಲ್ಲಿ ಕೂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕು.

ಜುಲೈ ೮, ಸೋಮವಾರ

ಕಥೆಯನ್ನು ಹಿಂದಿರುಗಿಸಿದೆ. ಅವರು ಹಾಳೆ ಬಿಚ್ಚಿ ನೋಡದೆ ನನ್ನ ಮುಖವನ್ನೇ ನೋಡಿದರು.

"ಓದಿದ್ರಾ?"

"ಒಂದಕ್ಷರ ಬಿಟ್ಟಿಲ್ಲ."

"ಹೇಗಿತ್ತು?"

"ಬಹಳ ಸುಧಾರಿಸಿದೆ. ಅಲ್ಪವಿರಾಮ ಎಲ್ಲ ಸರಿಯಾದ ಕಡೆ ಬಿದ್ದಿದೆ. ಕೊನೆಯಲ್ಲಿ ಒಂದೇ ವಾಕ್ಯ ಎರಡು ಸಲ ಬಂದಿತ್ತು, ಎರಡನೆಯದನ್ನ ಹೊಡೆದು ಹಾಕಿದೀನಿ."

"ಅಷ್ಟೇನಾ ಅಕ್ಕಾ?"

"ಅಷ್ಟೇ. ಇನ್ನೊಂದು ಸ್ವಲ್ಪ ದಿನ ಹೋದ್ರೆ ನನ್ನ ಅಗತ್ಯಾನೇ ಇರಲ್ಲ ನಿಮಗೆ."

ಅವರು ಹಾಳೆಗಳನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಪ್ರತಿ ಸೋಮವಾರ ಹೊರಡುವಾಗ "ಬುಧವಾರ ಸಿಗೋಣ" ಎನ್ನುತ್ತಿದ್ದವರು ಇಂದು "ಬರ್ತೀನಿ ಅಕ್ಕಾ" ಎಂದಷ್ಟೇ ಹೇಳಿದರು. ಮೆಚ್ಚುಗೆ ಜಾಸ್ತಿ ಬೇಕಿತ್ತೋ ಏನೋ. ಬರೆಯುವವರು ಎಲ್ಲರೂ ಹಾಗೆಯೇ.

ಜುಲೈ ೧೦, ಬುಧವಾರ

ಪಕ್ಕದ ಕುರ್ಚಿ ಖಾಲಿ. ಜ್ವರ ಬಂದಿರಬಹುದು. ಮಾತಿಲ್ಲದೆ ಹೊತ್ತು ಹೋಗಲೇ ಇಲ್ಲ.

ಜುಲೈ ೧೨, ಶುಕ್ರವಾರ

ಇಂದೂ ಬರಲಿಲ್ಲ. ಜ್ವರವಲ್ಲ. ಸಿಸ್ಟರ್ ಫೋನ್ ಮಾಡಿದಾಗ ಅವರ ಹೆಂಡತಿ ಎತ್ತಿ ಅತ್ತರಂತೆ. "ಹೋಗಲ್ಲ ಅಂತ ಹಟ ಹಿಡಿದಿದಾರೆ. ಯಾಕೆ ಅಂದ್ರೆ ಗೋಡೆ ಕಡೆ ತಿರುಗಿ ಮಲಗ್ತಾರೆ. ಕಾಲು ಊದಿದೆ." ಇನ್ನು ಕೆಲವೇ ದಿನ ಹೀಗೆ ಹೋದರೆ ನೀರು ಶ್ವಾಸಕೋಶಕ್ಕೆ ಏರುತ್ತದೆ. ಆಮೇಲೆ ಯಾರು ಏನು ಮಾಡಿದರೂ ತಡವಾದೀತು.

ಸಿಸ್ಟರ್ ನನ್ನ ಕುರ್ಚಿಯ ಹತ್ತಿರ ಬಂದು ಕೂತರು. "ಅಮ್ಮಾ, ಸೋಮವಾರ ನಿಮ್ಮ ಕೈಯಿಂದ ಏನೋ ಕಥೆ ಇಸ್ಕೊಂಡ್ರಲ್ಲ. ಅದರಲ್ಲಿ ಏನು ಬರೆದಿದ್ರು?"

  "ಬಸ್ಸಿನ ವಿಷಯ" ಎಂದೆ.

"ಬಸ್ಸಿನದು ಸರಿ. ಏನಾಗುತ್ತೆ ಅದರಲ್ಲಿ?"

"ಗೊತ್ತಿಲ್ಲ."

"ಓದಿದ್ರಲ್ಲಾ?"

ಅವರು ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ಮೇಲಿತ್ತು. ನನ್ನ ಮುಖ ನೋಡಿ ಎದ್ದುಹೋದರು.

ಜುಲೈ ೧೩, ಶನಿವಾರ

ಬೆಳಿಗ್ಗೆಯಿಂದ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದೆ. ಕಥೆ ನೆನಪಿಲ್ಲ, ತಪ್ಪುಗಳೆಲ್ಲ ನೆನಪಿವೆ. ನನ್ನ ತಲೆ ಹಾಗೆಯೇ ಪಳಗಿದೆ. ಯಾವ ಪದದಲ್ಲಿ ಒತ್ತು ಸೇರಿಸಿದೆ, ಎಲ್ಲಿ ದೀರ್ಘ ಹಾಕಿದೆ, ಯಾವ ಎರಡು ಪದಗಳನ್ನು ಕೂಡಿಸಿದೆ, ಒಂದೊಂದೂ ಕಣ್ಣ ಮುಂದಿದೆ. ಆ ಪದಗಳನ್ನು ಹಿಡಿದು ಸಾಲುಗಳನ್ನು ಕೂಡಿಸುತ್ತ ಹೋದೆ. ನಾನು ನೋಡಿದ್ದು ಬುಡದಿಂದ, ಈಗ ಅದನ್ನು ತಲೆಕೆಳಗು ಮಾಡಿ ಮೊದಲಿಂದ ಕಟ್ಟಬೇಕಾಯಿತು. ತಂಗಿ ಏನೂ ಕೇಳದೆ ಎದುರಿಗೆ ಕೂತಳು. ನಾನು ಹೇಳಿದ್ದನ್ನೆಲ್ಲ ಅವಳು ಬರೆದುಕೊಂಡಳು.

ಒಬ್ಬ ಕಂಡಕ್ಟರ್. ತುಂಬಿದ ಬಸ್ಸು. ಎಲ್ಲರಿಗೂ ಕೊನೆಯ ಸ್ಟಾಪಿನ ಟಿಕೆಟ್ ಕೊಟ್ಟಿದ್ದಾನೆ, ತನಗೆ ಮಾತ್ರ ಕೊಟ್ಟುಕೊಂಡಿಲ್ಲ. ಅವನ ಹೆಂಡತಿಯೂ ಅದೇ ಬಸ್ಸಿನಲ್ಲಿದ್ದಾಳೆ, ಸೀಟು ಸಿಗದೆ ನಿಂತಿದ್ದಾಳೆ. ತಾನು ಇಳಿದರೆ ಅವಳಿಗೆ ಕೂರಲು ಜಾಗವಾಗುತ್ತದೆ ಎಂದುಕೊಳ್ಳುತ್ತಾನೆ. ಸ್ಟಾಪ್ ಇಲ್ಲದ ಕಡೆ ಸೀಟಿ ಊದಿ, ಯಾರಿಗೂ ಹೇಳದೆ ಇಳಿದು, ತಾನೇ "ರೈಟ್" ಹೇಳಿ ಬಸ್ಸನ್ನು ಕಳಿಸಿಬಿಡುತ್ತಾನೆ. ಯಾರಾದರೂ ಕರೆದಾರು ಎಂದು ತಿರುಗಿ ನೋಡುತ್ತಾನೆ. ಸ್ವಲ್ಪ ದೂರ ನಡೆದು, ಯಾರಾದರೂ ಕರೆದಾರು ಎಂದು ತಿರುಗಿ ನೋಡುತ್ತಾನೆ.

ನಾನು ಹೊಡೆದು ಹಾಕಿದ್ದು ಆ ವಾಕ್ಯ.

ತಂಗಿಯ ಕೈ ನಿಂತಿತು. "ಅಕ್ಕಾ, ಏಳು" ಎಂದಳು. "ಚಪ್ಪಲಿ ಹಾಕ್ಕೋ."

ಸಿಸ್ಟರಿಗೆ ಫೋನ್ ಮಾಡಿ ಕಂಡಕ್ಟರರ ವಿಳಾಸ ಕೇಳಿಕೊಂಡು ಹೊರಟೆವು. ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆಯ ಮನೆ. ಮೆಟ್ಟಿಲು ಹತ್ತುವಾಗ ಎರಡು ಕಡೆ ಕೂತೆ. ಬಾಗಿಲ ಪಕ್ಕ ಹೊಲಿಗೆ ಯಂತ್ರ, ಅದರ ಹಿಂದೆ ಅವರ ಹೆಂಡತಿ. ನಾನು ಯಾರೆಂದು ಹೇಳುವ ಮೊದಲೇ "ನೀವು ತಿದ್ದೋ ಅಕ್ಕ ಅಲ್ವಾ? ದಿನಾ ಹೇಳ್ತಿದ್ರು" ಎಂದರು. 

ಕಂಡಕ್ಟರ್ ದಿಂಬುಗಳಿಗೆ ಒರಗಿ ಕೂತಿದ್ದರು. ಮಲಗಿದರೆ ಉಸಿರು ಕಟ್ಟುತ್ತದಂತೆ. ಮುಖ ಊದಿ ಗುರುತೇ ಸಿಗುವಂತಿರಲಿಲ್ಲ.

"ಕಥೆ ಎಲ್ಲಿದೆ?" ಎಂದೆ.

"ಯಾಕೆ, ಇನ್ನೂ ತಪ್ಪು ಉಳಿದಿದ್ಯಾ?"

"ಓದೋಕೆ ಬಂದೆ."

"ಆಗ್ಲೇ ಓದಿದ್ರಲ್ಲ."

"ಇಲ್ಲ. ತಿದ್ದಿದೆ. ಓದಲಿಲ್ಲ."

 ಅವರು ದಿಂಬಿನ ಕೆಳಗಿನಿಂದ ಹಾಳೆ ತೆಗೆದು ಕೊಟ್ಟರು. ನಾನು ಮೊದಲ ಸಾಲಿನಿಂದ ಗಟ್ಟಿಯಾಗಿ ಓದಿದೆ. ನನ್ನ ಪೆನ್ಸಿಲ್ ಗುರುತುಗಳು ಊಟದಲ್ಲಿ ಕಲ್ಲಿನಂತೆ ಸಿಗುತ್ತಿದ್ದವು. ನಾನು ಹೊಡೆದು ಹಾಕಿದ ವಾಕ್ಯವನ್ನೂ ಓದಿದೆ. ಅಷ್ಟರಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತ್ತು. ಅವರ ಹೆಂಡತಿ ಬಾಗಿಲಲ್ಲಿ ನಿಂತಿದ್ದರು.

"ಮನೆಯವಳಿಗೆ ಹೇಳೋ ಧೈರ್ಯ ಇರ್ಲಿಲ್ಲ" ಎಂದರು ಅವರು, ನನಗೆ. "ಸಿಸ್ಟರಿಗೆ ಕೊಟ್ರೆ ಡಾಕ್ಟರ ಕಿವಿಗೆ ಹೋಗುತ್ತೆ. ನೀವಾದ್ರೆ ಒಂದಕ್ಷರ ಬಿಡದೆ ಓದೋರು. ನಿಮ್ಮ ಕಣ್ಣಿಗಂತೂ ಬಿದ್ದೇ ಬೀಳುತ್ತೆ ಅಂದ್ಕೊಂಡೆ."

ಅತ್ತೆ. ಇನ್ನೊಬ್ಬರ ಮನೆ, ಹೊಸಬರ ಎದುರು, ಮೂಗು ಒರೆಸಿಕೊಳ್ಳಲು ಸೆರಗು ಬಿಟ್ಟು ಬೇರೇನೂ ಇಲ್ಲ. ಆದರೂ ಅತ್ತೆ. ಇನ್ನು ಅವರ ಬರಹಕ್ಕೆ ಪೆನ್ಸಿಲ್ ಮುಟ್ಟಿಸುವುದಿಲ್ಲ ಎಂದೆ. ಅವರಿಗೆ ಸಿಟ್ಟು ಬಂತು. ಉಸಿರು ಸಾಲದಿದ್ದರೂ ದನಿ ಏರಿಸಿದರು.

"ಹಾಗೆ ಮಾಡ್ಬೇಡಿ. ಮನೆಗೆ ಬಂದೋರೆಲ್ಲ ನನ್ನ ಹತ್ರ ಪಿಸುದನಿಯಲ್ಲಿ ಮಾತಾಡ್ತಾರೆ, ನಾನು ಏನಂದ್ರೂ ಹೂಂ ಅಂತಾರೆ. ತಪ್ಪು ಅಂತ ಮುಖಕ್ಕೆ ಹೇಳೋರು ನೀವೊಬ್ರೇ ಉಳಿದಿರೋದು. ತಿದ್ದಿ. ಮೊದ್ಲು ಓದಿ, ಆಮೇಲೆ ತಿದ್ದಿ."

ಅವರ ಹೆಂಡತಿ ಒಳಗೆ ಬಂದು ಹಾಸಿಗೆಯ ಅಂಚಿನಲ್ಲಿ ಕೂತರು. ಊದಿದ ಪಾದವನ್ನು ತೊಡೆಯ ಮೇಲಿಟ್ಟುಕೊಂಡರು. "ನಾನು ನಿಂತಿದೀನಿ ಅಂತ ನೀವೇ ತೀರ್ಮಾನ ಮಾಡ್ಬಿಟ್ರಾ?" ಎಂದರು. "ಕೂರೋಕೆ ಜಾಗ ಕೊಡಿ ಅಂತ ನಾನು ಯಾವತ್ತು ಕೇಳಿದೆ? ನೀವು ಇಳಿದ ಮೇಲೂ ನಾನು ಆ ಬಸ್ಸಲ್ಲಿ ಮುಂದೆ ಹೋಗ್ತೀನಿ ಅಂತ ಯಾರು ಹೇಳಿದ್ರು ನಿಮಗೆ?"

 ಅವರು ಪಾದವನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ನಾನು ಏಳುವಾಗ, "ಸೋಮವಾರ ಬನ್ನಿ. ಪಕ್ಕದಲ್ಲಿ ನೀವಿಲ್ದೆ ನನಗೆ ಭಯ ಆಗುತ್ತೆ" ಎಂದೆ. ಇದನ್ನು ಹೇಳಬೇಕೆಂದು ಹೋಗಿರಲಿಲ್ಲ. ಬಾಯಿಂದ ಬಂದುಬಿಟ್ಟಿತು. ಅವರು ಬರುತ್ತೇನೆ ಎನ್ನಲಿಲ್ಲ.

ಇಳಿಯುವಾಗ ತಂಗಿ ನನ್ನ ರಟ್ಟೆ ಹಿಡಿದುಕೊಂಡಿದ್ದಳು. ಅವಳ ಕೈ ಇಷ್ಟು ಒರಟಾಗಿದೆ ಎಂದು ನಾನು ಇದುವರೆಗೆ ಗಮನಿಸಿರಲಿಲ್ಲ.

ಜುಲೈ ೧೫, ಸೋಮವಾರ

ಸಿಸ್ಟರ್ ಪಕ್ಕದ ಯಂತ್ರವನ್ನು ಸಿದ್ಧಮಾಡಿ ಇಟ್ಟಿದ್ದರು. ನನ್ನ ಸೂಜಿ ಚುಚ್ಚಿ ಆಯಿತು, ಬೇಕರಿಯವರದೂ ಆಯಿತು. ಪಕ್ಕದ ಕುರ್ಚಿ ಖಾಲಿಯೇ ಇತ್ತು. ಕಾದು ಕಾದು, ಹೊತ್ತು ಹೋಗಲೆಂದು, ನಿಮ್ಮ ಒಲೆಯ ಕವನ ಹೇಗಿತ್ತು ಎಂದು ಬೇಕರಿಯವರನ್ನು ಕೇಳಿದೆ.

"ನೀವೇ ತಿದ್ದಿದ್ರಲ್ಲಮ್ಮಾ" ಎಂದರು ಅವರು, ಬಿಗಿಯಾಗಿ.

"ಹೇಳಿ, ಕೇಳ್ತೀನಿ."

ಹೇಳಲೋ ಬೇಡವೋ ಎಂದು ನೋಡಿ, ಮೆಲ್ಲಗೆ ಶುರು ಮಾಡಿದರು. ತೀರಿಹೋದ ಮಗಳ ವಿಷಯ ಅದು. ಚಿಕ್ಕವಳಿದ್ದಾಗ ಒಲೆಯ ಮುಂದೆ ನಿಂತು ಕೈ ಕಾಯಿಸಿಕೊಳ್ಳುತ್ತಿದ್ದಳಂತೆ. ನಾನು ಅದರಲ್ಲಿ ಎಷ್ಟು ಗುರುತು ಹಾಕಿದ್ದೆನೋ! ಅವರ ಹತ್ತಿರ ಕ್ಷಮೆ ಕೇಳಿದೆ. "ತಪ್ಪು ಇದ್ದಿದ್ದು ನಿಜ ಬಿಡಿ" ಎಂದರು.

ಅಷ್ಟರಲ್ಲಿ ಬಾಗಿಲಲ್ಲಿ ಸದ್ದಾಯಿತು. ಹೆಂಡತಿಯ ಹೆಗಲು ಹಿಡಿದು, ಹೆಜ್ಜೆಗೊಮ್ಮೆ ನಿಂತು ಉಸಿರು ಎಳೆದುಕೊಳ್ಳುತ್ತ ಕಂಡಕ್ಟರ್ ಬಂದರು. ಸಿಸ್ಟರ್ ಬಾಯಿಗೆ ಬಂದಂತೆ ಬಯ್ದರು, ಬಯ್ಯುತ್ತಲೇ ಕಣ್ಣೊರೆಸಿಕೊಂಡರು. ಬಹಳ ನೀರು ತೆಗೆಯಬೇಕಾಯಿತು. ನಾನು ಯಂತ್ರ ಬಿಚ್ಚಿಸಿಕೊಂಡ ಮೇಲೂ ಮನೆಗೆ ಹೋಗದೆ ಅಲ್ಲೇ ಸ್ಟೂಲಿನ ಮೇಲೆ ಕೂತೆ. ಸಂಜೆ ಹೊತ್ತಿಗೆ ಅವರ ಉಸಿರು ಹದಕ್ಕೆ ಬಂತು.

"ಇವತ್ತು ಬಂದೆ ಅಂತ ಬುಧವಾರಾನೂ ಬರ್ತೀನಿ ಅಂತ ಏನಿಲ್ಲ" ಎಂದರು. "ಅವತ್ತು ಬೆಳಿಗ್ಗೆ ಮತ್ತೆ ಹಾಗೇ ಅನ್ಸುತ್ತೆ. ನನಗೆ ಗೊತ್ತು."

"ಬೆಳಿಗ್ಗೆ ಫೋನ್ ಮಾಡ್ತೀನಿ."

"ಶುಕ್ರವಾರ?"

"ಶುಕ್ರವಾರಾನೂ."

"ತಮಾಷೆಗೆ ಅಲ್ಲ ಅಕ್ಕಾ."

"ನಾನು ಯಾವತ್ತಾದ್ರೂ ತಮಾಷೆ ಮಾಡಿದ್ದುಂಟಾ?" ಎಂದೆ.

ಜುಲೈ ೧೭, ಬುಧವಾರ

ಬೆಳಿಗ್ಗೆ ಎಚ್ಚರವಾಯಿತು, ಏಳಲು ಮನಸ್ಸಾಗಲಿಲ್ಲ. ಮೂಳೆಯೊಳಗೆಲ್ಲ ಮರಳು ತುಂಬಿದಂತಿತ್ತು. ಸೂಜಿ, ಆ ಕುರ್ಚಿ, ಮತ್ತೆ ನಾಳಿದ್ದು, ಮತ್ತೆ ಸೋಮವಾರ. ಇಷ್ಟೆಲ್ಲ ಯಾರಿಗಾಗಿ? ಇವತ್ತು ಒಂದು ದಿನ ಹೋಗದಿದ್ದರೆ ಎಂದುಕೊಂಡೆ. ಎಂದುಕೊಂಡ ಮೇಲೆ ಹಗುರವಾಯಿತು. ಹೊದಿಕೆ ಎಳೆದುಕೊಂಡೆ. ತಂಗಿ ಎರಡು ಸಲ ಬಾಗಿಲಿಗೆ ಬಂದು ಹೋದಳು. ಕಂಡಕ್ಟರರಿಗೆ ಫೋನ್ ಮಾಡಬೇಕಾದ ಹೊತ್ತು ಮೀರಿತು. ಅದು ನನಗೆ ಗೊತ್ತಿತ್ತು, ಆದರೂ ಕೈ ಏಳಲಿಲ್ಲ.

ಫೋನ್ ಹೊಡೆದುಕೊಂಡಿತು. ತಂಗಿ ತಂದು ಕಿವಿಗೆ ಹಿಡಿದಳು.

"ಅಕ್ಕಾ, ಹೊರಟ್ರಾ?" ಎಂದರು ಅವರು. ಹಿಂದೆ ರಸ್ತೆಯ ಸದ್ದು ಕೇಳುತ್ತಿತ್ತು.

ಚಪ್ಪಲಿ ಹಾಕಿಕೊಳ್ಳುತ್ತಿದ್ದೇನೆ ಎಂದೆ. ಸುಳ್ಳು. ಆಮೇಲೆ ಎದ್ದು ಹಾಕಿಕೊಂಡೆ.